ಕೊಸರು ಲೆಕ್ಕಕ್ಕಿಲ್ಲ

ನನ್ನ ಬಾಯಿ ಜೋರು. ಮೂವತ್ತು ವರ್ಷ ನರ್ಸ್ ಕೆಲಸ ಮಾಡಿದವಳ ಬಾಯಿ ಮೆತ್ತಗಿದ್ದರೆ ವಾರ್ಡು ಸಂತೆಯಾಗಿಬಿಡುತ್ತದೆ ಎಂದು ಕೇಳಿದವರಿಗೆಲ್ಲ ಸಮಜಾಯಿಷಿ ಕೊಡುತ್ತಿದ್ದೆ. ರಿಟೈರ್ ಆಗಿ, ವಾರ್ಡೇ ಇಲ್ಲದ ಮೇಲೂ ಅದು ಮೆತ್ತಗಾಗದಿದ್ದಾಗ ಆ ಸಮಜಾಯಿಷಿಯನ್ನು ನಾನೇ ನಂಬುವುದು ಬಿಟ್ಟೆ. ಹುಟ್ಟಿದ್ದು ಯಳಂದೂರಿನಲ್ಲಿ, ಕೆಲಸ ಮಾಡಿದ್ದು ಹೆಚ್ಚಾಗಿ ಹನೂರಿನ ಕಡೆ, ಮನೆ ಕಟ್ಟಿಕೊಂಡು ಕೂತದ್ದು ಕೊಳ್ಳೇಗಾಲದಲ್ಲಿ. ಕೂತೆ ಎನ್ನುವುದೂ ಬರೀ ಮಾತು. ಮೂರು ತಿಂಗಳು ತುಂಬುವುದರೊಳಗೆ ನನಗೆ ಹಳೆಯ ಪರಿಚಯದ ಮಕ್ಕಳ ಡಾಕ್ಟರೊಬ್ಬರು ಫೋನ್ ಮಾಡಿ, ಸತ್ತೇಗಾಲದಲ್ಲಿ ಸಕ್ಕರೆ ಕಾಯಿಲೆಯ ಹುಡುಗಿಯೊಬ್ಬಳಿದ್ದಾಳೆ, ತಾನೇ ಇನ್ಸುಲಿನ್ ಹಾಕಿಕೊಳ್ಳುವುದನ್ನು ಮನೆಗೆ ಹೋಗಿ ಕಲಿಸುತ್ತೀರಾ ಎಂದು ಕೇಳಿದರು. ಅದೇನು ಮಹಾ, ನಾಲ್ಕು ದಿನದ ಕೆಲಸ ಎಂದೆ. ಹುಡುಗಿಗೆ ಹತ್ತು ವರ್ಷ, ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ ಎಂದು ಆಮೇಲೆ ಹೇಳಿದರು. ಮುಖ್ಯವಾದದ್ದನ್ನು ಕೊನೆಗೆ ಹೇಳುವುದು ಆ ಡಾಕ್ಟರ ಚಾಳಿ.

ಅವಸರಕ್ಕೆ ಕಾರಣವಿತ್ತು. ಮೈಸೂರಿನಲ್ಲಿ ಕಣ್ಣು ಕಾಣದ ಹೆಣ್ಣುಮಕ್ಕಳಿಗೆಂದೇ ಇರುವ ಹಾಸ್ಟೆಲ್ ಶಾಲೆಯೊಂದರಲ್ಲಿ ಹುಡುಗಿಗೆ ಸೀಟು ಸಿಕ್ಕಿತ್ತು. ಸೀಟು ಸಿಕ್ಕ ಮೇಲೆ ಕಾಯಿಲೆ ಕಾಣಿಸಿಕೊಂಡಿತು. ಸೂಜಿ ಹಾಕುವವರು ನಮ್ಮಲ್ಲಿ ಯಾರೂ ಇಲ್ಲ, ತನ್ನ ಇನ್ಸುಲಿನ್ ತಾನೇ ಹಾಕಿಕೊಂಡು, ಸಕ್ಕರೆ ಇಳಿದಾಗ ತಾನೇ ಗುರುತಿಸಿ ಹೇಳುವಂತಾದರೆ ಜೂನ್‌ನಲ್ಲಿ ಕರೆದುಕೊಂಡು ಬನ್ನಿ, ಜೊತೆಗೆ ಡಾಕ್ಟರ ಪತ್ರವಿರಲಿ, ಇಲ್ಲದಿದ್ದರೆ ಸೀಟು ಬೇರೆ ಮಗುವಿಗೆ ಹೋಗುತ್ತದೆ ಎಂದು ಅಲ್ಲಿನ ವಾರ್ಡನ್ ಹೇಳಿದ್ದರು. ಊರ ಶಾಲೆಯಲ್ಲಿ ಕಿವಿಯಲ್ಲಿ ಕೇಳಿ ಕಲಿಯುವಂಥದ್ದನ್ನೆಲ್ಲ ಅವಳು ಕಲಿತು ಮುಗಿಸಿದ್ದಳು. ಸ್ವತಃ ಓದಬೇಕೆಂದರೆ ಬ್ರೈಲ್ ಬೇಕು, ಅದಿದ್ದದ್ದು ಮೈಸೂರಿನಲ್ಲಿ. ನಾನು ಮೊದಲ ಸಲ ಸತ್ತೇಗಾಲದ ಬಸ್ಸು ಹತ್ತಿದಾಗ ಮಾರ್ಚ್ ಮೊದಲ ವಾರ.

ಮನೆಯಲ್ಲಿ ನಾಲ್ಕು ಜನ. ಅಪ್ಪ ಕಬ್ಬಿನ ಲಾರಿ ಓಡಿಸುತ್ತಿದ್ದ, ಸಿಗುವುದೇ ಅಪರೂಪ. ಅಮ್ಮ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟರೆ ಬರುವುದು ಸಂಜೆ. ಹಗಲೆಲ್ಲ ಹುಡುಗಿ, ಅಜ್ಜಿ ಮತ್ತು ಎರಡು ಹಸು. ಅಜ್ಜಿ ಅಕ್ಕಪಕ್ಕದ ಹತ್ತಾರು ಮನೆಗೆ ಹಾಲು ಹಾಕುತ್ತಿದ್ದರು. ಪಾವಿನಲ್ಲಿ ಅಳೆದು ಸುರಿದು, ಪಾತ್ರೆ ಹಿಡಿದವರು ಕೈ ಹಿಂದೆಗೆಯುವ ಮೊದಲೇ ಮೇಲೊಂದು ಚೂರು ಬಗ್ಗಿಸುತ್ತಿದ್ದರು. ಆ ಚೂರು ಬೀಳದೆ ಅವರ ಮನೆ ಬಾಗಿಲಿಂದ ಯಾರೂ ಕದಲಿದ್ದಿಲ್ಲ.

ಹುಡುಗಿ ಜಗಲಿಯ ಮೇಲೆ ಕೂತಿದ್ದಳು. ನಾನು ಯಾರು ಎಂದು ಹೇಳಿ ಮುಗಿಸುವ ಮೊದಲೇ, ಆ ಇನ್ಸುಲಿನ್ ಪೆನ್ ಇತ್ತ ಕೊಡಿ ಎಂದು ಕೈ ಚಾಚಿದಳು. ಕೊಟ್ಟೆ. ಎರಡು ನಿಮಿಷದಲ್ಲಿ ಮುಚ್ಚಳ, ಕೊಳವೆ, ತಿರುಗಿಸುವ ಗುಂಡಿ ಎಲ್ಲವನ್ನೂ ಬೆರಳಲ್ಲೇ ಪರೀಕ್ಷೆ ಮಾಡಿ, ಇದರ ಕತ್ತು ಸಡಿಲ ಆಗಿದೆ ಎಂದು ವರದಿ ಕೊಟ್ಟಳು. ಸಡಿಲವಾಗಿದ್ದದ್ದು ನಿಜ. ಚೀಲದಲ್ಲಿ ತರುವಾಗ ನಾನೇ ಸರಿಯಾಗಿ ತಿರುಗಿಸಿರಲಿಲ್ಲ.

ಆ ಪೆನ್ನಿನ ವಿಷಯ ಹೇಳಬೇಕು. ಗುಂಡಿ ತಿರುಗಿಸಿದರೆ ಒಂದೊಂದು ಯೂನಿಟ್ಟಿಗೆ ಒಂದೊಂದು ಸಲ ಟಿಕ್ ಎನ್ನುತ್ತದೆ. ನಾವು ಕಣ್ಣಿದ್ದವರು ಪೆನ್ನಿನ ಪುಟ್ಟ ಕಿಟಕಿಯಲ್ಲಿ ಕಾಣುವ ಅಂಕಿ ನೋಡಿಕೊಂಡು ಆ ಸದ್ದನ್ನು ಗಮನಿಸುವುದೇ ಇಲ್ಲ. ಅವಳಿಗೆ ಸದ್ದೇ ಅಂಕಿ. ಊಟದ ಮುಂಚೆ ಹಾಕುವ ಪೆನ್ನಿಗೆ ರಬ್ಬರ್ ಬ್ಯಾಂಡ್ ಸುತ್ತಿದೆವು, ಮಲಗುವ ಮುಂಚಿನದನ್ನು ಹಾಗೇ ಬಿಟ್ಟೆವು. ಸೂಜಿಯಲ್ಲಿ ಔಷಧ ಬರುತ್ತಿದೆಯೋ ಇಲ್ಲವೋ ತಿಳಿಯಲು ಮೊದಲು ಎರಡು ಯೂನಿಟ್ ಹೊರಗೆ ಬಿಡಬೇಕು. ನಾವು ಆ ಹನಿಯನ್ನು ನೋಡುತ್ತೇವೆ. ಅವಳು ಮುಂಗೈ ಮೇಲೆ ಬೀಳಿಸಿಕೊಂಡು ಮೂಸಿ, ಆಸ್ಪತ್ರೆ ವಾಸನೆ ಬಂದರೆ ಸರಿ ಎಂದು ಮುಂದುವರಿಯುತ್ತಿದ್ದಳು. ಮೂವತ್ತು ವರ್ಷದಲ್ಲಿ ಇನ್ಸುಲಿನ್ನಿಗೆ ವಾಸನೆಯಿದೆ ಎಂಬುದನ್ನು ನಾನು ಯೋಚಿಸಿರಲೇ ಇಲ್ಲ.

ಬದನೆಕಾಯಿಗೆ ಚುಚ್ಚಿ ಅಭ್ಯಾಸ ಮಾಡಿಸಿದೆ. ಒಂದು ವಾರಕ್ಕೆ ಬದನೆಕಾಯಿ ಸಾಕಾಗಿ, ತನಗೆ ಹಾಕಿಕೊಳ್ಳುವ ಮೊದಲು ನನಗೊಂದು ಹಾಕುತ್ತೇನೆಂದು ಹಟ ಹಿಡಿದಳು. ಬರೀ ಹೊಸ ಸೂಜಿ ತಾನೇ, ಔಷಧವಿಲ್ಲದೆ ಎಂದು ತೋಳು ಕೊಟ್ಟೆ. ಚುಚ್ಚಿ, ಹತ್ತು ಎಣಿಸಿ, ತೆಗೆದು, ನೋವಾಯಿತಾ ಎಂದು ನಾನು ರೋಗಿಗಳನ್ನು ಕೇಳುವ ದನಿಯಲ್ಲೇ ಕೇಳಿದಳು. ಹನೂರು ಕಡೆ, ಮಾರ್ಟಳ್ಳಿಯ ಜನ ಸೂಜಿಗೆ ಊಸಿ ಎನ್ನುತ್ತಿದ್ದರು, ಅಲ್ಲಿ ಕಲಿತ ತಮಿಳು ನನ್ನ ಬಾಯಲ್ಲಿ ಉಳಿದುಬಿಟ್ಟಿದೆ. ಅವಳಿಗೆ ಆ ಪದ ಬಹಳ ಹಿಡಿಸಿತು. ಸೂಜಿ ಅಂದರೆ ಚುಚ್ಚುತ್ತದೆ, ಊಸಿ ಅಂದರೆ ಚುಚ್ಚುವುದಿಲ್ಲ ಎನ್ನುವುದು ಅವಳ ಸಿದ್ಧಾಂತ. ಅಂದಿನಿಂದ ಆ ಮನೆಯಲ್ಲಿ ಊಸಿ ಹೊತ್ತು, ಊಸಿ ಡಬ್ಬ, ಊಸಿ ಸಿಸ್ಟರ್ ಎಲ್ಲ ಚಾಲ್ತಿಗೆ ಬಂದವು. ಮೂರನೆಯದು ನಾನು.

ರಕ್ತ ಪರೀಕ್ಷೆಗೆ ಡಾಕ್ಟರು ಎಲ್ಲಿಂದಲೋ ಮಾತಾಡುವ ಮೀಟರ್ ತರಿಸಿಕೊಟ್ಟರು. ಅದು ಮಾತಾಡುವುದು ಇಂಗ್ಲಿಷಿನಲ್ಲಿ, ಹೆಂಗಸಿನ ದನಿಯಲ್ಲಿ. ಹುಡುಗಿ ಎರಡೇ ದಿನದಲ್ಲಿ ಒನ್ ಫಾರ್ಟಿ, ಒನ್ ಸಿಕ್ಸ್ಟಿ ಎಂದು ಮೀಟರಿನ ಹೆಂಗಸಿನ ರಾಗದಲ್ಲೇ ಅಣಕಿಸತೊಡಗಿದಳು. ಅಜ್ಜಿಗೆ ಮಾತ್ರ ಆ ಹೆಂಗಸಿನ ಮೇಲೆ ಸಿಟ್ಟು. ನಮ್ಮನೆ ಕೂಸಿನ ರಕ್ತ ಕುಡಿದು ನಮಗೆ ತಿಳಿಯದ ಭಾಷೆಯಲ್ಲಿ ಬೈಯುತ್ತಾಳೆ ಎಂದು ದೂರುತ್ತಿದ್ದರು.

ಊಟದ ಅಳತೆ ಕಲಿಸಲು ನಾನು ಕೊಳ್ಳೇಗಾಲದಿಂದ ಅಡುಗೆಮನೆಯ ತಕ್ಕಡಿ ಹೊತ್ತುಕೊಂಡು ಹೋದೆ. ಅಜ್ಜಿ ಕಟ್ಟಿದ ರಾಗಿಮುದ್ದೆಯನ್ನು ಹುಡುಗಿ ಅಂಗೈಲಿ ಇಟ್ಟುಕೊಂಡು, ಇದು ನಿನ್ನೆಯದಕ್ಕಿಂತ ಹೆಚ್ಚು ಎಂದಳು. ತಕ್ಕಡಿ ಇಲ್ಲ ಎಂದಿತು. ನಾನು ತಕ್ಕಡಿಯ ಪರವಾಗಿ ವಾದ ಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ತಕ್ಕಡಿಯ ಒಂದು ಕಾಲಿನ ಕೆಳಗೆ ಹುಣಸೆಬೀಜ ಸಿಕ್ಕಿಕೊಂಡಿತ್ತು. ಮರುದಿನದಿಂದ ತಕ್ಕಡಿ ಒಯ್ಯಲಿಲ್ಲ. ಮುದ್ದೆಗೆ ಅವಳ ಅಂಗೈ, ಅನ್ನಕ್ಕೆ ಒಂದು ಸ್ಟೀಲ್ ಬಟ್ಟಲು ಎಂದು ಒಪ್ಪಂದವಾಯಿತು.

ಸಕ್ಕರೆ ಇಳಿದರೆ ಏನಾಗುತ್ತದೆ ಎಂದು ನಾನು ಪಾಠ ಒಪ್ಪಿಸಿದೆ. ಬೆವರು, ನಡುಕ, ಹಸಿವು. ಅವಳು ಕೇಳಿಸಿಕೊಂಡು ತನ್ನದೇ ಮಾತು ಹೇಳಿದಳು: "ಮೊಣಕಾಲು ಅಂಬಲಿ ಆಯ್ತದ." ಅದು ನನ್ನ ಪಟ್ಟಿಗಿಂತ ಚೆನ್ನಾಗಿತ್ತು, ಅದನ್ನೇ ಉಳಿಸಿಕೊಂಡೆವು. ಮೊಣಕಾಲು ಅಂಬಲಿಯಾದರೆ ಕೂತಲ್ಲೇ ಮೂರು ಚಮಚ ಸಕ್ಕರೆ ಬಾಯಿಗೆ, ಕಾಲು ಗಂಟೆ ಕಾದು ಮತ್ತೆ ಪರೀಕ್ಷೆ. ಇದಕ್ಕೆ ಅಜ್ಜಿ ಸುಲಭಕ್ಕೆ ಒಪ್ಪಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೊಡುವ ನರ್ಸಮ್ಮನನ್ನು ಅವರು ನೋಡಿರಲಿಲ್ಲ. ಕಾಯಿಲೆ ಬಂದ ದಿನವೇ ಸಕ್ಕರೆ ಡಬ್ಬವನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದರು. ನಾನು ಬೈದೆ, ಅವರೂ ಬೈದರು, ಡಬ್ಬ ಕೆಳಗಿಳಿಯಿತು.

ಹುಡುಗಿ ಕಲಿಯುತ್ತಿದ್ದ ವೇಗ ನೋಡಿ ನನಗೆ ಹೆಮ್ಮೆಯೇ ಬಂದುಬಿಟ್ಟಿತ್ತು. ಹೆಮ್ಮೆಯ ಜೊತೆ ಸ್ವಲ್ಪ ಭಯವೂ ಇದ್ದದ್ದರಿಂದ ಒಂದು ನಿಯಮ ಹಾಕಿದೆ. ಯೂನಿಟ್ ತಿರುಗಿಸಿದ ಮೇಲೆ ಚುಚ್ಚಿಕೊಳ್ಳುವ ಮುಂಚೆ ಪೆನ್ನನ್ನು ದೊಡ್ಡವರ ಕೈಗೆ ಕೊಟ್ಟು ತೋರಿಸಬೇಕು. ಮಧ್ಯಾಹ್ನ ನಾನಿರುತ್ತಿದ್ದೆ, ರಾತ್ರಿ ಅಮ್ಮ; ಬೆಳಿಗ್ಗೆ ಮನೆಯಲ್ಲಿರುವ ದೊಡ್ಡವರೆಂದರೆ ಅಜ್ಜಿ. ಸರಿ, ನಾನು ನೋಡುತ್ತೇನೆ ಬಿಡವ್ವ ಎಂದರು.

ಏಪ್ರಿಲ್‌ನಲ್ಲಿ ಎಲ್ಲ ಕೆಟ್ಟಿತು. ಬೆಳಿಗ್ಗೆ ಎಂಟಕ್ಕೆ ಆರು ಯೂನಿಟ್ ಹಾಕಿಕೊಂಡು ಮುದ್ದೆ ತಿಂದ ಹುಡುಗಿ ಹನ್ನೊಂದು ಗಂಟೆಗೆ ಬೆವರಿ ತೊಪ್ಪೆಯಾಗಿ ಜಗಲಿಯ ಕಂಬಕ್ಕೆ ಒರಗುತ್ತಿದ್ದಳು. ಒಂದು ದಿನವಾದರೆ ಸರಿ, ವಾರದಲ್ಲಿ ಮೂರು ದಿನ, ನಾಲ್ಕು ದಿನ. ಡಾಕ್ಟರು ಐದಕ್ಕೆ ಇಳಿಸಿದರು. ಐದಕ್ಕೆ ಇಳಿಸಿದರೂ ಅದೇ ಕತೆ. ಎಷ್ಟು ತಿರುಗಿಸಿದೆ ಎಂದರೆ ಐದು ಎನ್ನುತ್ತಿದ್ದಳು. ಇನ್ನೊಮ್ಮೆ ಕೇಳಿದರೂ ಐದು. ನನ್ನ ತಾಳ್ಮೆ ಎಂಬ ಪದಾರ್ಥ ಮೊದಲೇ ಕಡಿಮೆ. ಎಣಿಸಲು ಬರದಿದ್ದರೆ ಬರುವುದಿಲ್ಲ ಎನ್ನು, ಸುಳ್ಳು ಹೇಳಬೇಡ ಎಂದು ಗದರಿಬಿಟ್ಟೆ. ಅವಳು ಅಳಲಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿ, "ಐದೇ ತಿರುಗ್ಸಿದ್ದು" ಎಂದಳು.

ಅವತ್ತು ಸಂಜೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಅವಳ ಅಮ್ಮ ಸಿಕ್ಕಳು. ಈ ವರ್ಷ ಬೇಡ, ಹುಡುಗಿಗೆ ಲೆಕ್ಕ ಕೂತಿಲ್ಲ, ಹಾಸ್ಟೆಲ್‌ನಲ್ಲಿ ಹೀಗಾದರೆ ಯಾರು ನೋಡುತ್ತಾರೆ, ಡಾಕ್ಟರಿಗೂ ಹಾಗೇ ಹೇಳುತ್ತೇನೆ ಎಂದೆ. ಅವಳು ಬಿಸಿನೀರಿನಲ್ಲಿ ಗೂಡು ಬಿಡಿಸಿ ಬಿಡಿಸಿ ಬಿಳಿಚಿದ ಬೆರಳುಗಳಿಂದ ಸೆರಗು ಸರಿಮಾಡಿಕೊಂಡು, ಮುಂದಿನ ವರ್ಷಕ್ಕೆ ಆ ಸೀಟು ಇಟ್ಟಿರುತ್ತಾರಾ ಎಂದು ಮಾತ್ರ ಕೇಳಿದಳು. ಇಟ್ಟಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ನೋಡೋಣ ಎಂದೆ.

ಡಾಕ್ಟರು ನನ್ನ ಮಾತು ಪೂರ್ತಿ ಒಪ್ಪಲಿಲ್ಲ. ನೀವು ಕಣ್ಣಾರೆ ನೋಡಿದಿರಾ ಎಂದು ಕೇಳಿದರು. ನೋಡಿರಲಿಲ್ಲ. ನಾನು ಹೋಗುತ್ತಿದ್ದುದು ಹತ್ತು ಗಂಟೆಯ ಬಸ್ಸಿಗೆ, ಬೆಳಗಿನ ಊಸಿ ಹೊತ್ತು ಎಂಟು. ಮರುದಿನ ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಹೊರಟೆ.

ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಚಪ್ಪಲಿ ಬಿಡಲು ಬಗ್ಗಿದ್ದೆ, ಒಳಗಿನದೇನೂ ಕಾಣುತ್ತಿರಲಿಲ್ಲ. ಟಿಕ್ ಟಿಕ್ ಎಂದು ಐದು ಸಲ ಕೇಳಿಸಿತು. ಐದು, ತಗೋ ನೋಡಜ್ಜಿ ಎಂದಳು ಹುಡುಗಿ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಂದು ಟಿಕ್. ಇನ್ನೊಂದು ಟಿಕ್.

ಒಂದು ಕಾಲಲ್ಲಿ ಚಪ್ಪಲಿ ಇರುವಂತೆಯೇ ಒಳಗೆ ನುಗ್ಗಿ ಪೆನ್ ಕಿತ್ತುಕೊಂಡು ನೋಡಿದೆ. ಕಿಟಕಿಯಲ್ಲಿ ಏಳು. ಅಜ್ಜಿ ಸ್ವಲ್ಪವೂ ಗಾಬರಿಯಾಗಲಿಲ್ಲ, ಕಾಫಿ ಇಡಲಾ ಎಂದು ಕೇಳಿದರು. ಯಾಕೆ ತಿರುಗಿಸಿದಿರಿ ಎಂದು ನಾನು ಕೂಗಿದೆ.

"ನಾನೆಲ್ಲಿ ತಿರುಗ್ಸುದೆ? ಐದು ಕೂಸೇ ತಿರುಗ್ಸುದ್ದು. ನಾ ವಸಿ ಕೊಸ್ರು ಆಕುದೆ, ಅಷ್ಟೇಯ."

ಮಾರ್ಚ್ ಕೊನೆಯಿಂದ, ನಾನು ನಿಯಮ ಹಾಕಿದ ದಿನದಿಂದ, ಅಜ್ಜಿ ದಿನಾ ಬೆಳಿಗ್ಗೆ ಮೊಮ್ಮಗಳ ಇನ್ಸುಲಿನ್ನಿಗೆ ಒಂದು ಟಿಕ್ ಕೊಸರು ಹಾಕುತ್ತಿದ್ದರು. ಡಾಕ್ಟರು ಆರನ್ನು ಐದು ಮಾಡಿದ್ದು ಅವರಿಗೆ ಜಿಪುಣತನವಾಗಿ ಕಂಡು, ಆಮೇಲೆ ಎರಡು ಹಾಕುತ್ತಿದ್ದರು. ಪೆನ್ನಿನ ಕಿಟಕಿಯ ಆ ಸಾಸಿವೆಯಷ್ಟು ಅಂಕಿ ಅವರ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಓದಲು ಬರುತ್ತದಾ ಎಂದು ನಾನು ಕೇಳಿಯೂ ಇರಲಿಲ್ಲ.

ನಿನಗೆ ಟಿಕ್ ಕೇಳಿಸಿತಲ್ಲ, ಯಾಕೆ ಹೇಳಲಿಲ್ಲ ಎಂದು ಹುಡುಗಿಯನ್ನು ಕೇಳಿದೆ. ಅವಳು ನನಗೇ ಬುದ್ಧಿ ಹೇಳುವಂತೆ ಹೇಳಿದಳು: "ಕೊಸ್ರ ಯಾರಾರ ಲೆಕ್ಕಕ್ಕ ಇಡುದಾರಾ ಸಿಸ್ಟ್ರೇ?"

ಅದೂ ಸರಿಯೇ. ಲೆಕ್ಕಕ್ಕೆ ಹಿಡಿದರೆ ಅದು ಕೊಸರು ಹೇಗಾಗುತ್ತದೆ? ಹುಟ್ಟಿದಾಗಿನಿಂದ ಅಜ್ಜಿಯ ಪಕ್ಕ ಕೂತು ಪಾವು ಎಣಿಸಿದವಳು. ಐದು ಪಾವು ಹಾಲೆಂದರೆ ಐದೇ ಪಾವು, ಮೇಲೆ ಬಿದ್ದ ಚೂರನ್ನು ಕೊಟ್ಟವರೂ ಎಣಿಸುವುದಿಲ್ಲ, ತೆಗೆದುಕೊಂಡವರೂ ಎಣಿಸುವುದಿಲ್ಲ. ನಾನೂ ಅದೇ ಸೀಮೆಯವಳು. ಯಳಂದೂರಿನ ಸೊಪ್ಪಿನವಳ ಹತ್ತಿರ ಕೊಸರಿಗಾಗಿ ಜಗಳ ಕಾದವಳು. ನನಗೆ ಹೊಳೆಯಬೇಕಿತ್ತು.

ಆ ಎರಡು ಟಿಕ್ಕಿನಿಂದಲೇ ಮಗು ಹನ್ನೊಂದಕ್ಕೆ ಕುಸಿಯುತ್ತಿದ್ದದ್ದು ಎಂದು ನಿಧಾನವಾಗಿ ಬಿಡಿಸಿ ಹೇಳಿದೆ. ಅಜ್ಜಿ ಕೇಳುತ್ತ ಕೇಳುತ್ತ ಒಲೆಯ ಪಕ್ಕ ಕೂತುಬಿಟ್ಟರು. "ಬರೀ ಅಳತೆಗ ಕೊಟ್ರ ಕೂಸ್ಗ ಕಮ್ಮಿ ಆದದು ಅನ್ಕಂಡಿ ಕನವ್ವ" ಎಂದು ಕಣ್ಣೊರೆಸಿಕೊಂಡರು. ಬೈಯಲು ನನಗೆ ಮನಸ್ಸು ಬರಲಿಲ್ಲ. ಓದಲು ಬಾರದವರ ಕೈಗೆ ಪೆನ್ ಕೊಡಿಸಿದವಳು ನಾನು, ಸರಿಯಾಗಿ ಎಣಿಸಿದವಳನ್ನು ಸುಳ್ಳುಗಾತಿ ಎಂದವಳೂ ನಾನೇ. ನೆಲದ ಮೇಲೆ ಅವಳ ಎದುರು ಕೂತು, ತಪ್ಪು ನನ್ನದು ಎಂದೆ. ಇಡೀ ಸರ್ವಿಸಿನಲ್ಲಿ ಆ ಮಾತನ್ನು ನಾನು ಯಾರಿಗೂ, ದೊಡ್ಡ ಡಾಕ್ಟರಿಗೂ, ಹೇಳಿದವಳಲ್ಲ.

ಅವಳು ಕ್ಷಮಿಸಿದ್ದು ದಂಡ ಹಾಕಿ. ಅಜ್ಜಿಯ ಟವೆಲ್ಲಿನಿಂದ ನನ್ನ ಕಣ್ಣು ಕಟ್ಟಿಸಿ, ಹಳೆಯ ಖಾಲಿ ಪೆನ್ ಕೈಗೆ ಕೊಟ್ಟು, ಹತ್ತು ತಿರುಗಿಸಿ ಎಂದಳು. ಅದೇನು ಮಹಾ ಎಂದು ತಿರುಗಿಸಿದೆ. ನಡುವೆ ಹಸು ಕೂಗಿತು, ಬೀದಿಯಲ್ಲಿ ಟ್ರಾಕ್ಟರ್ ಹೋಯಿತು. ಹತ್ತು ಎಂದು ಗಟ್ಟಿಯಾಗಿ ಘೋಷಿಸಿದೆ. ಒಂಬತ್ತು ಎಂದಳು ಅವಳು. ಟವೆಲ್ ಬಿಚ್ಚಿ ನೋಡಿದರೆ ಒಂಬತ್ತೇ. ಎಣಿಸಲು ಬರದಿದ್ದರೆ ಬರುವುದಿಲ್ಲ ಅನ್ನಿ ಎಂದು ನನ್ನ ಮಾತನ್ನೇ ನನ್ನ ದನಿಯಲ್ಲೇ ಅಣಕಿಸಿದಳು. ಅಳುತ್ತಿದ್ದ ಅಜ್ಜಿಗೂ ನಗು ಬಂತು. ಅಜ್ಜಿಯ ಕೈ ಮಾತ್ರ ಏನಾದರೂ ಕೊಸರು ಹಾಕದೆ ಸುಮ್ಮನಿರುವ ಕೈಯಲ್ಲ, ಅದಕ್ಕೊಂದು ದಾರಿ ಬೇಕಿತ್ತು. ಅದನ್ನೂ ಹುಡುಗಿಯೇ ಹುಡುಕಿದಳು: ಕೊಸರು ಇನ್ನು ಮೇಲೆ ಸಕ್ಕರೆ ಏರಿಸದ ಸೊಪ್ಪಿನ ಸಾರಿಗೆ. ಅಂದಿನಿಂದ ಅವಳ ತಟ್ಟೆಯಲ್ಲಿ ಮುದ್ದೆ ತೇಲುವಷ್ಟು ಸಾರು.

ಪೆನ್ ಯಾರ ಕೈಗೂ ಹೋಗದೆ ಮೂರು ವಾರ ಕಳೆಯಿತು. ಒಂದೇ ಒಂದು ದಿನ ಮೊಣಕಾಲು ಅಂಬಲಿಯಾಯಿತು, ಅದೂ ತಿಂಡಿಗೆ ಮುಂಚೆ ಕರುವಿನ ಜೊತೆ ಓಡಿದ್ದಕ್ಕೆ. ತಾನೇ ಗುರುತಿಸಿ ಸಕ್ಕರೆ ಬಾಯಿಗೆ ಹಾಕಿಕೊಂಡು ಅಜ್ಜಿಗೆ ಕೂಗಿ ಹೇಳಿದ್ದಳು. ಡಾಕ್ಟರು ಪತ್ರ ಬರೆದುಕೊಟ್ಟರು.

ಜೂನ್ ಮೊದಲ ವಾರ ಅಮ್ಮ, ಅಜ್ಜಿ, ಹುಡುಗಿ, ನಾನು ಮೈಸೂರಿಗೆ ಹೋದೆವು. ವಾರ್ಡನ್ ಪತ್ರ ಓದಿ, ಆದರೂ ಒಮ್ಮೆ ನನ್ನ ಎದುರು ಮಾಡಿ ತೋರಿಸಲಿ ಎಂದರು. ಮಧ್ಯಾಹ್ನದ ಊಟದ ಹೊತ್ತು. ಮೀಟರಿನ ಹೆಂಗಸು ಒನ್ ಥರ್ಟಿ ಟೂ ಎಂದಳು. ಹುಡುಗಿ ಚೀಲದಿಂದ ತನ್ನ ಬಟ್ಟಲು ತೆಗೆದು ಅನ್ನ ಅಳೆದು, ಅಂಚಿಗೆ ಬೆರಳೆಳೆದು ಸಮ ಮಾಡಿ ತಟ್ಟೆಗೆ ಹಾಕಿಕೊಂಡಳು. ರಬ್ಬರ್ ಬ್ಯಾಂಡಿನ ಪೆನ್ ತೆಗೆದಳು, ಹನಿ ಬೀಳಿಸಿ ಮೂಸಿದಳು, ತಿರುಗಿಸಿದಳು. ನಾನು ಮನಸ್ಸಿನಲ್ಲಿ ಜೊತೆಗೇ ಎಣಿಸುತ್ತಿದ್ದೆ. ಸೂಜಿ ಹೊಟ್ಟೆಯ ಹತ್ತಿರ ಹೋಗುತ್ತಲೇ ವಾರ್ಡನ್ ಮುಖ ಆಚೆ ತಿರುಗಿಸಿಕೊಂಡರು. ಹುಡುಗಿ ಹತ್ತು ಎಣಿಸಿ ಮುಗಿಸಿ, ಆಯಿತು ಮೇಡಂ, ಈಗ ಈ ಕಡೆ ನೋಡಬಹುದು ಎಂದಳು. ಅವರು ಮುಖ ತಿರುಗಿಸಿಕೊಂಡದ್ದು ಇವಳಿಗೆ ಹೇಗೆ ತಿಳಿಯಿತೋ ಕಾಣೆ, ಬಹುಶಃ ಕುರ್ಚಿ ಕಿರುಗುಟ್ಟಿರಬೇಕು.

ವಾರ್ಡನ್ ನಕ್ಕು, ಸೊರಗಿದ ಮಗು ಎಂಬ ಕನಿಕರದಿಂದ ಇನ್ನೊಂದು ಸೌಟು ಅನ್ನ ಹಾಕಲು ಹೋದರು. ಹುಡುಗಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. "ಬ್ಯಾಡಿ ಮೇಡಂ, ಆಗ್ಲೇ ಎಣ್ಸಾಗದ." ಅಜ್ಜಿ ತಮಗೇನೂ ಕೇಳಿಸದವರಂತೆ ಕಿಟಕಿಯ ಕಡೆ ನೋಡುತ್ತ ನಿಂತಿದ್ದರು. ಇನ್ನು ಮೇಲೆ ಹಾಸ್ಟೆಲ್ಲಿನ ಅಡುಗೆಯ ಅಕ್ಕ ಪೆನ್ನಿನ ಅಂಕಿ ನೋಡಿ ಬಾಯಲ್ಲಿ ಹೇಳುವುದು, ಪೆನ್ ಮುಟ್ಟುವುದಿಲ್ಲ ಎಂದು ತೀರ್ಮಾನವಾಯಿತು. ವಾರ್ಡನ್ ಹೆಸರು ಬರೆದುಕೊಂಡರು. ಅಮ್ಮ ಸಹಿ ಮಾಡಿದಳು.

ಮೊದಲ ವಾರ ನಾನು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದೆ. ವಾರ್ಡನ್ ಬೇಸರ ಮಾಡಿಕೊಳ್ಳದೆ ಫೋನ್ ಹುಡುಗಿಗೆ ಕೊಡುತ್ತಿದ್ದರು. ಎರಡನೇ ವಾರ ಒಂದು ಬೆಳಿಗ್ಗೆ ಹುಡುಗಿ ಓಡಿಬಂದು ಫೋನ್ ತೆಗೆದುಕೊಂಡಂತಿತ್ತು, ಏದುಸಿರು. ಎಲ್ಲ ಸರಿಯಾಗಿದೆಯಾ ಎಂದೆ. ಹ್ಞೂ ಎಂದಳು. ಸಕ್ಕರೆ ಇಳಿದಿತ್ತಾ ಎಂದೆ. ಮೊನ್ನೆ ಕ್ಲಾಸಿನಲ್ಲಿ ಇಳಿದಿತ್ತಂತೆ, ಸಕ್ಕರೆ ತಿಂದಳಂತೆ, ಮಿಸ್ಸಿಗೆ ಹೇಳಿ ಕಾಲು ಗಂಟೆ ಕೂತು, ಪರೀಕ್ಷೆ ಮಾಡಿಕೊಂಡು ಮತ್ತೆ ಪಾಠಕ್ಕೆ ಕೂತಳಂತೆ. ನಿನ್ನೆ ನನಗೆ ಯಾಕೆ ಹೇಳಲಿಲ್ಲ ಎಂದು ನಾನು ಗದರಿದೆ. ಮರೆತುಹೋಯಿತು ಎಂದಳು. ಇನ್ನೂ ಹತ್ತು ಪ್ರಶ್ನೆ ನನ್ನ ನಾಲಗೆಯ ತುದಿಯಲ್ಲಿದ್ದವು. "ಬ್ರೈಲ್ ಮಿಸ್ ಬಂದ್ರು ಸಿಸ್ಟ್ರೇ. ಪುರುಸೊತ್ತಿಲ್ಲ, ಮಡಗ್ತೀನಿ" ಎಂದು ಫೋನ್ ಇಟ್ಟೇಬಿಟ್ಟಳು.

ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಸಿಟ್ಟು. ಖುಷಿ ಅದರ ಹಿಂದೆಯೇ ಬಂತು. ಸತ್ತೇಗಾಲಕ್ಕೆ ಫೋನ್ ಹಚ್ಚಿದೆ. ಕೂಸು ಹೇಗಿದೆ, ಏನಂದಿತು ಎಂದು ಅಜ್ಜಿ ಒಂದೇ ಉಸಿರಿಗೆ ಕೇಳಿದರು. ನಮ್ಮ ಜೊತೆ ಮಾತಾಡಲು ಅವಳಿಗೆ ಪುರುಸೊತ್ತಿಲ್ಲವಂತೆ ಎಂದೆ.

ಆ ಕಡೆ ನಗುವ ಸದ್ದು ಕೇಳಿಸಿತು. ಆಮೇಲೆ ಅಜ್ಜಿ, "ಏನಂದ್ಲು, ಇನ್ನೊಂದ್ಸಲ ಏಳವ್ವ" ಎಂದರು.